ಪಾಸ್‌ಬುಕ್ಕಿನಲ್ಲಿಲ್ಲದ ಹೆಸರು

ನಾನು ಬ್ಯಾಂಕಿಗೆ ಸೇರಿದ ಹೊಸತು. ವೃದ್ಧೆಯೊಬ್ಬರು ಬಂದು ತಮ್ಮ ಖಾತೆಗೆ ಗಂಡನ ಹೆಸರನ್ನೂ ಸೇರಿಸಬೇಕೆಂದರು. ದಾಖಲೆ ಕೇಳಿದೆ.

“ಕರಾಚಿಯ ಪಾಸ್‌ಪೋರ್ಟ್ ಮಾತ್ರ ಇರುವುದು ಸಾರ್. ಅದರ ಅವಧಿಯೂ ಮುಗಿದಿದೆ” ಎಂದು ಮೆಲ್ಲನೆ ಹೇಳಿದರು.

ನಮ್ಮ ಕಡೆಯಿಂದ ಹೊಟ್ಟೆಪಾಡಿಗೆಂದು ಕರಾಚಿಗೆ ಹೋದವರು ಎಷ್ಟೋ ಮಂದಿ. 1947ರ ಬಳಿಕ ಊರಿಗೆ ಮರಳಲು ಪಾಕಿಸ್ತಾನದ ಪಾಸ್‌ಪೋರ್ಟ್ ಪಡೆದವರು ಹುಟ್ಟಿದ ಮಣ್ಣಿನಲ್ಲೇ ಪರದೇಶಿಗಳಾದರು.

ಆಮೇಲೆ ಕಾನೂನು ಓದಿದೆ. ಮದುವೆಯಾದ ಮಾತ್ರಕ್ಕೆ ಪೌರತ್ವ ಬರುವುದಿಲ್ಲ. 1955ರ ಪೌರತ್ವ ಕಾಯಿದೆಯ 5ನೇ ಕಲಮಿನಂತೆ, ಭಾರತೀಯರನ್ನು ಮದುವೆಯಾಗಿ 7 ವರ್ಷ ಇಲ್ಲಿ ನೆಲೆಸಿದವರು ಅರ್ಜಿ ಹಾಕಬಹುದು. ಆದರೆ ಪಾಸ್‌ಪೋರ್ಟ್ ಹಿಡಿದೇ ಬಂದವರೂ ವೀಸಾ ಮುಗಿದ ಮೇಲೆ ಉಳಿದರೆ 2003ರ ತಿದ್ದುಪಡಿಯಂತೆ ‘ಅಕ್ರಮ ವಲಸಿಗ’ರು, ಸಾಮಾನ್ಯವಾಗಿ ಈ ದಾರಿ ಅವರಿಗಿಲ್ಲ.

ಅಂಥ ಮನೆಯವರಿಗೆ ನನ್ನ ಮಾತು ಇಷ್ಟೇ: ವೀಸಾದ ಅವಧಿ ಮುಗಿಯುವ ಮೊದಲೇ ನವೀಕರಣಕ್ಕೆ ಅರ್ಜಿ ಕೊಡಿ. ಹಳೆಯ ಕಾಗದ ಒಂದನ್ನೂ ಬಿಸಾಡಬೇಡಿ. ದಲ್ಲಾಳಿಯ ಮಾತು ಕೇಳಿ ಸುಳ್ಳು ದಾಖಲೆ ಮಾಡಿಸಬೇಡಿ. ಅವಧಿ ಮೀರಿದ್ದರೆ ಅಡಗಿ ಕೂರದೆ ಮೊದಲು ವಕೀಲರನ್ನು ಕಾಣಿ.

ಅಂದು ಇದೊಂದೂ ನನಗೆ ತಿಳಿದಿರಲಿಲ್ಲ. “ಆಗುವುದಿಲ್ಲ ಉಮ್ಮ” ಎಂದೆ, ಅಷ್ಟೆ. ಪಾಸ್‌ಬುಕ್ ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾ ಅವರು ಕೇಳಿದರು: “ನಾಳೆ ನಾನು ಸತ್ತರೆ ಅವರ ಮದ್ದಿಗೆ ಈ ದುಡ್ಡು ಸಿಗುತ್ತದಾ ಸಾರ್?”

ಹಿಂದಿನ ಗಿರಾಕಿಯ ಚೀಟಿಗೆ ಕೈ ಚಾಚಿದೆ.