ಅಕ್ಕನ ರೊಟ್ಟಿ, ನನ್ನ ವೆಬ್‌ಸೈಟು

ಹುಣಸಗಿಯಲ್ಲಿರೋ ನಮ್ಮಕ್ಕ ಖಡಕ್ ರೊಟ್ಟಿ ಮಾರ್ತಾಳೆ. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ. ಓಣಿಯ ನಾಲ್ಕು ಹೆಣ್ಮಕ್ಕಳು ಬೆಳಿಗ್ಗೆ ಬಂದು ರೊಟ್ಟಿ ಬಡೀತಾರೆ. ನಾರಾಯಣಪುರದ ಎಡದಂಡೆ ಕಾಲುವೆ ಬಂದ ಮೇಲೆ ನಮ್ಮ ಸುತ್ತ ಭತ್ತವೇ ಜಾಸ್ತಿ, ಹಾಗಾಗಿ ಬಿಳಿ ಜೋಳವನ್ನ ಮಳೆ ನಂಬಿದ ಹಳ್ಳಿಗಳಿಂದ ತರಿಸ್ಬೇಕು. ಅದನ್ನೆಲ್ಲ ಆಕೆ ಒಬ್ಬಳೇ ನಿಭಾಯಿಸ್ತಾಳೆ. ನನ್ನ ಪಾಲಿಗೆ ಇದ್ದದ್ದು ಒಂದೇ ಕೆಲಸ, ವೆಬ್‌ಸೈಟು. ಕೆಡಿಸಿದ್ದೂ ಅದನ್ನೇ.

2021ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನ ರೂಮಲ್ಲಿ ಕೂತು ಕಟ್ಟಿದ ಸೈಟು ಅದು. 'ನಮ್ಮ ಬಗ್ಗೆ' ಪುಟದಲ್ಲಿ ಇಸಾಂಪುರದ ಕಥೆ ಬರೆದಿದ್ದೆ. ನಮ್ಮೂರ ಹತ್ತಿರದ ಆ ಜಾಗದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಉತ್ಖನನ ಮಾಡಿದಾಗ, ಆದಿಮಾನವರು ಸುಣ್ಣಕಲ್ಲಿನಿಂದ ಕೈಗೊಡಲಿ ಮಾಡ್ತಿದ್ದ ಕಾರ್ಖಾನೆಯೇ ಸಿಕ್ಕಿತ್ತು. ಸುಮಾರು 12 ಲಕ್ಷ ವರ್ಷ ಹಳೇದು ಅಂತ ಅಂದಾಜು. ಇಷ್ಟನ್ನೂ ಎರಡು ಪ್ಯಾರಾ ಎಳೆದಿದ್ದೆ. ಅಕ್ಕ ಫೋನಲ್ಲಿ ಪುಟವನ್ನ ಮೇಲೆ ಕೆಳಗೆ ಸರಿಸಿ ನೋಡಿದಳು.

"ಚಂದ ಅದ ತಮ್ಮಾ. ರೊಟ್ಟಿ ರೇಟ್ ಎಲ್ಲಿ ಅದ?"

ಆರು ತಿಂಗಳಲ್ಲಿ ಸೈಟಿನಿಂದ ಬಂದ ಆರ್ಡರ್ ಏಳು. ಅದ್ರಲ್ಲಿ ಮೂರು ನನ್ನ ಫ್ರೆಂಡ್ಸ್‌ದು.

ಅಷ್ಟರಲ್ಲಿ ಅಕ್ಕನ ಮಗಳು ಒಂದಿನ ಸುಮ್ಮನೆ ವಿಡಿಯೊ ಮಾಡಿ ಹಾಕಿದಳು. ಹಾಡಿಲ್ಲ, ಮಾತಿಲ್ಲ, ಹಿಟ್ಟಿನ ಮೇಲೆ ಬಡಿಯೋ ಕೈ, ಬಳೆ ಸದ್ದು, ಹಂಚಿನ ಮೇಲೆ ಉಬ್ಬೋ ರೊಟ್ಟಿ. "ಅವ್ವನ ನೆನಪಾಯ್ತು" ಅಂತ ಪುಣೆಯಿಂದ ಯಾರೋ ಬರೆದ್ರು, ಕೆಳಗೇ ವಿಳಾಸ ಹಾಕಿ 50 ರೊಟ್ಟಿ ಕೇಳಿದ್ರು. ಹೈದರಾಬಾದ್, ಬೆಂಗಳೂರು, ಸೊಲ್ಲಾಪುರದಿಂದಲೂ ಬಂತು. ವರ್ಷದಲ್ಲಿ ಹನ್ನೊಂದು ಸಾವಿರ ಫಾಲೋವರ್ಸ್. ಖುಷಿ ಪಡಬೇಕಾದೋನು ನಾನು ಒಳಗೊಳಗೇ ಉರ್ಕೊಂಡೆ. 'ಹಾಗಾದ್ರೆ ಸೈಟ್ ಯಾಕೆ ಬೇಕು' ಅಂತ ಮುನಿಸಿಕೊಂಡು ಅದರ ಕಡೆ ತಿರುಗಿ ನೋಡಲಿಲ್ಲ. ಅಕ್ಕನೂ ಕೇಳಲಿಲ್ಲ. ರೊಟ್ಟಿ ರೇಟ್ ಐದರಿಂದ ಏಳಾಯ್ತು, ಆಕೆ ಸಿಮ್ ಬದಲಿಸಿದಳು. ಸೈಟು ಮಾತ್ರ 2021ರಲ್ಲೇ ನಿಂತಿತ್ತು.

2024ರ ಶ್ರಾವಣಕ್ಕೆ ಮುಂಚೆ, ಆರ್ಡರ್ ಏರೋ ಹೊತ್ತಲ್ಲೇ, ಒಂದು ಮುಂಜಾನೆ ಫೋನು.

"ತಮ್ಮಾ, ಅಂಗಡಿ ಬಾಗ್ಲಾ ಯಾರೋ ಹಾಕ್ಯಾರ ನೋಡು."

ಅಕೌಂಟ್ ಬಂದ್ ಆಗಿತ್ತು. ಯಾವ ಆ್ಯಪ್ ಅನ್ನೋದು ಬಿಡಿ. ಕಾರಣ ಗೊತ್ತಾಗಲಿಲ್ಲ, ಕಳಿಸಿದ ಮನವಿಗಳಿಗೆ ಉತ್ತರ ಬರಲಿಲ್ಲ. ಚಾಟ್‌ನಲ್ಲಿದ್ದ ಆರ್ಡರ್, ವಿಳಾಸ ಎಲ್ಲಾ ಅದರ ಜೊತೆಗೇ ಹೋಯ್ತು.

ನಾನು ಸುಮ್ಮನಿರಬೇಕಿತ್ತು. ಬದಲಿಗೆ ಭಾಷಣ ಶುರು ಮಾಡಿದೆ. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್ ನಿಷೇಧಿಸಿದಾಗ ಅಲ್ಲೇ ವ್ಯಾಪಾರ ಕಟ್ಟಿಕೊಂಡಿದ್ದೋರ ಗತಿ ಏನಾಯ್ತು. 2021ರ ಅಕ್ಟೋಬರ್ 4ಕ್ಕೆ ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಮ್ ಮೂರೂ ಆರು ತಾಸು ನಿಂತಿರಲಿಲ್ವಾ. ಬೇರೆಯವರ ಜಾಗದಲ್ಲಿ ಅಂಗಡಿ ಇಟ್ರೆ ಹೀಗೇ ಅಂತ. ಅಕ್ಕ ಪೂರ್ತಿ ಕೇಳಿಸಿಕೊಂಡು, "ಹಂಗಾದ್ರ ನಮ್ಮ ಸ್ವಂತ ಜಾಗ ಹೆಂಗದ?" ಅಂದಳು.

ತೆರೆದು ನೋಡಿದೆ. ಐದು ರೂಪಾಯಿ ರೇಟು. ಹಳೇ ನಂಬರು. ಅಗಸಿ ಹಿಂಡಿ 'ಶೀಘ್ರದಲ್ಲೇ'.

ಆಮೇಲೆ ಹುಬ್ಬಳ್ಳಿಯ ಹಳೇ ಗಿರಾಕಿಯೊಬ್ಬರು ಹೇಳಿದ್ರು: ಅಕೌಂಟ್ ಕಾಣದಿದ್ದಾಗ ಗೂಗಲ್‌ನಲ್ಲಿ ಹುಡುಕಿದ್ರಂತೆ, ಸೈಟೂ ಸಿಕ್ಕಿತಂತೆ, ಫೋನ್ ಹಚ್ಚಿದ್ರೆ ನಂಬರ್ ಚಾಲ್ತಿಯಲ್ಲಿಲ್ಲ. 'ಬಂದ್ ಮಾಡಿರಬೇಕು' ಅಂದ್ಕೊಂಡು ಬೇರೆ ಕಡೆ ತಗೊಂಡ್ರಂತೆ. ಹಾಗೆ ಬಂದು ವಾಪಸ್ ಹೋದವರು ಎಷ್ಟು ಜನವೋ. ಆ ಹತ್ತೊಂಬತ್ತು ದಿನ ರೊಟ್ಟಿ ಬಡಿಯೋ ಇಬ್ಬರನ್ನ ಅಕ್ಕ ಮನೆಗೆ ಕಳಿಸಬೇಕಾಯ್ತು. ಅವರ ಕೂಲಿಯ ಲೆಕ್ಕ ನನ್ನ ತಲೆಯಲ್ಲಿ ಇವತ್ತಿಗೂ ಇದೆ.

ವ್ಯಾಪಾರ ಉಳಿಸಿದ್ದು ಸೈಟೂ ಅಲ್ಲ, ವಿಡಿಯೊನೂ ಅಲ್ಲ. ಕೊರಿಯರ್ ಚೀಟಿ ಬರೆಯುವಾಗ ಅಕ್ಕ ಉದ್ದನೆ ಲೆಕ್ಕದ ಬುಕ್ಕಿನಲ್ಲಿ ಗುರುತು ಹಾಕ್ಕೊಂಡಿದ್ದ ಇನ್ನೂರ ಚಿಲ್ಲರೆ ಹೆಸರು, ನಂಬರು. ಒಬ್ಬೊಬ್ಬರಿಗೂ ಫೋನ್ ಹಚ್ಚಿದಳು.

ಈಗ ಸೈಟು ಒಂದೇ ಪುಟ, ಕನ್ನಡದಲ್ಲಿ: ರೇಟು, ರೊಟ್ಟಿ ಎಷ್ಟು ದಿನ ಇರುತ್ತೆ, ಪಾರ್ಸಲ್ ಯಾವ ವಾರ ಹೊರಡುತ್ತೆ, ಫೋನ್ ನಂಬರು. ಇಸಾಂಪುರ ಕೆಳಗೆ ಎರಡು ಸಾಲಾಗಿ ಉಳಿದಿದೆ, ತೆಗೆಯೋಕೆ ಮನಸ್ಸು ಬರಲಿಲ್ಲ. ಹೊಸ ಅಕೌಂಟಿನ ವಿಡಿಯೊ ಅಕ್ಕ-ಮಗಳ ಖಾತೆ. ಪ್ರೊಫೈಲ್‌ನಲ್ಲಿ, ಬಾಕ್ಸಿನ ಚೀಟಿ ಮೇಲೆ ಸೈಟಿನ ವಿಳಾಸ. ಆರ್ಡರ್ ಎಲ್ಲಿಂದ ಬಂದ್ರೂ ಮೊದಲು ಬುಕ್ಕಿಗೆ. ದುಡ್ಡೂ ಸೈಟಿನಲ್ಲೇ ಕಟ್ಟಿಸೋಣ ಅಂತ ನಾನು ಹಟ ಹಿಡಿದೆ. "ಮಾತಾಡ್ಲಾರ್ದ ಯಾರ ರೊಕ್ಕ ಕೊಡ್ತಾರೋ?" ಅಂದಳು. ಸೋತೆ, ಆಕೆ ಹೇಳಿದ್ದೇ ಸರಿ. ಪ್ರತಿ ಶನಿವಾರ ರಾತ್ರಿ ಹತ್ತು ನಿಮಿಷ ಫೋನು: ಆಕೆ ಹೇಳ್ತಾಳೆ, ನಾನು ತಿದ್ದುತ್ತೀನಿ.

2025ರ ಜೂನ್ ಕೊನೆಯ ಭಾನುವಾರ 'ಮನ್ ಕೀ ಬಾತ್'ನಲ್ಲಿ ಪ್ರಧಾನಿ ಕಲಬುರಗಿ ರೊಟ್ಟಿ ಬಗ್ಗೆ ಹೇಳಿದ್ರು. ಹೆಣ್ಮಕ್ಕಳು ಜೋಳದ ರೊಟ್ಟಿಯನ್ನೇ ಬ್ರ್ಯಾಂಡ್ ಮಾಡಿ ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ತಯಾರಿಸ್ತಿದ್ದಾರೆ ಅಂತ. ನಾನು ಮೆಜೆಸ್ಟಿಕ್ ಮೆಟ್ರೊದಲ್ಲಿದ್ದೆ. ಅಕ್ಕನ ಫೋನು.

"ಕೇಳಿದ್ಯೇನು? ನಮ್ಮ ಕಡಿ ರೊಟ್ಟಿ! ಈಗ ಜನ ಹುಡುಕ್ತಾರ. ಸೈಟಿನಾಗ ರೇಟ್ ಸರಿ ಅದನೋ ಇಲ್ಲೋ ನೋಡು ಮೊದಲ."

"ಸರಿ ಅದ ಅಕ್ಕಾ" ಅಂದೆ. ಫೋನಿಟ್ಟು ತೆರೆದೆ. ನಿನ್ನೆ ರಾತ್ರಿ ಎಂಟು ಮಾಡು ಅಂದಿದ್ದಳು, ಏಳೇ ಇತ್ತು. ಎಸ್ಕಲೇಟರ್ ಪಕ್ಕ ನಿಂತು ತಿದ್ದಿದೆ.