ಸುಲಿಯುವ ಮನೆಯಲ್ಲಿ ನೀರು ಕುಡಿಯದವರು

ಕಾರ್ಮಿಕರ ಆರೋಗ್ಯ ಎಂದ ಕೂಡಲೇ ನಮ್ಮ ಜಿಲ್ಲೆಯವರಿಗೆ ನೆನಪಾಗುವುದು ದಾವಣಗೆರೆಯ ಹತ್ತಿ ಗಿರಣಿಗಳು, ಹರಿಹರದ ಕಿರ್ಲೋಸ್ಕರ್. ಅವೆಲ್ಲ ಹಳೆಯ ಮಾತಾದವು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯ ಸಾವಿರಾರು ಹೆಂಗಸರಿಗೆ ಕಾರ್ಖಾನೆ ಎಂದರೆ ಅಡಿಕೆ ಸುಲಿಯುವ ಶೆಡ್ಡು. ಅದಕ್ಕೆ ಬೋರ್ಡಿಲ್ಲ, ಹಾಜರಿ ಪುಸ್ತಕವಿಲ್ಲ, ಸೈರನ್ ಕೂಗುವುದಿಲ್ಲ. ಭದ್ರಾ ನಾಲೆಯ ನೀರು ಹರಿದಲ್ಲೆಲ್ಲ ತೋಟ ಎದ್ದಿತು, ತೋಟ ಎದ್ದಲ್ಲೆಲ್ಲ ಶೆಡ್ಡು ಬಂತು.

ಕೆಂಪಡಿಕೆ ಮಾಡಬೇಕಾದರೆ ಹಸಿರು ಕಾಯಿಯನ್ನೇ ಕೊಯ್ದು, ತಡಮಾಡದೆ ಸುಲಿದು, ಚೊಗರಿನಲ್ಲಿ ಬೇಯಿಸಬೇಕು. ಹಗಲು ಕೊಯ್ಲು, ರಾತ್ರಿ ಸುಲಿತ. ಆದ್ದರಿಂದ ಸುಗ್ಗಿಯ ತಿಂಗಳುಗಳಲ್ಲಿ ಹೆಂಗಸರು ಮನೆಯ ಅಡುಗೆ ಮುಗಿಸಿ, ಮಣೆಗೆ ಕೂರಿಸಿದ ಕತ್ತಿಯ ಮುಂದೆ ನಡುರಾತ್ರಿಯವರೆಗೆ ಕೂರುತ್ತಾರೆ. ನಮ್ಮ ಅಮ್ಮ ಹಾಗೆ ಕೂತವರು. ಚೊಗರಿನಿಂದ ಕಪ್ಪಾದ ಅವರ ಬೆರಳುಗಳು ಬೇಸಿಗೆ ಬಂದರೂ ಬಿಳುಪಾಗುತ್ತಿರಲಿಲ್ಲ. ಆಗ ಕೂಲಿ ಡಬ್ಬದ ಲೆಕ್ಕ. ಡಬ್ಬ ತುಂಬುವಾಗ ಒತ್ತಿ ಒತ್ತಿ ತುಂಬಿಸಿಕೊಳ್ಳುತ್ತಿದ್ದ ಮಾಲೀಕರೂ ಇದ್ದರು.

ಆದರೂ ಅಮ್ಮ ಶೆಡ್ಡಿಗೆ ಹೋಗುವುದನ್ನು ಇಷ್ಟಪಡುತ್ತಿದ್ದರು ಎಂದರೆ ನೀವು ನಂಬಬೇಕು. ಅಲ್ಲಿ ಎಲ್ಲರೂ ದುಂಡಗೆ ಕೂರುತ್ತಿದ್ದರು. ಒಬ್ಬರಿಗೊಬ್ಬರು ಅಕ್ಕ, ಖಾಲಾ, ಅವ್ವ. ಮಳೆ ಕೈಕೊಟ್ಟ ವರ್ಷ ಜಗಳೂರು ಕಡೆಯಿಂದ ಬಂದವರೂ ಎರಡು ದಿನದಲ್ಲಿ ಆ ದುಂಡಿಗೆ ಸೇರಿಹೋಗುತ್ತಿದ್ದರು. ಗಂಡನ ಕುಡಿತ, ಸಂಘದ ಸಾಲದ ಕಂತು, ಮಗಳಿಗೆ ಬಂದ ಸಂಬಂಧ, ಎಲ್ಲವೂ ಅಲ್ಲಿ ಸುಲಿದು ಬೀಳುತ್ತಿತ್ತು. ಒಬ್ಬಳ ಕೂಸು ಅತ್ತರೆ ಮತ್ತೊಬ್ಬಳು ಎತ್ತಿಕೊಳ್ಳುತ್ತಿದ್ದಳು.

ಆರೋಗ್ಯವೆಂದರೆ ರೋಗವಿಲ್ಲದಿರುವುದಷ್ಟೇ ಅಲ್ಲ, ದೇಹ, ಮನಸ್ಸು ಮತ್ತು ಸಾಮಾಜಿಕ ಬದುಕು ಮೂರೂ ನೆಮ್ಮದಿಯಾಗಿರುವುದು ಎಂದು ವಿಶ್ವ ಆರೋಗ್ಯ ಸಂಸ್ಥೆ ತನ್ನ ಸಂವಿಧಾನದಲ್ಲಿ ಬರೆದುಕೊಂಡಿದೆ. ಅದು ಜಾರಿಗೆ ಬಂದದ್ದು 1948ರಲ್ಲಿ. ಈ ಮೂರರಲ್ಲಿ ಸಾಮಾಜಿಕ ಬದುಕಿನ ನೆಮ್ಮದಿಯನ್ನು ಶೆಡ್ಡಿನ ಹೆಂಗಸರು ತಾವೇ ಕಟ್ಟಿಕೊಂಡಿದ್ದರು. ದೇಹದ ಪಾಡು ಬೇರೆ. ಮೊದಲ ದಿನ ಹೋದಾಗ ಹಿರಿಯರೊಬ್ಬರು ಅಮ್ಮನಿಗೆ ಹೇಳಿದ ಬುದ್ಧಿಮಾತು ಕತ್ತಿಯ ಕುರಿತದ್ದಲ್ಲ: "ನೀರು ಕಡಿಮೆ ಕುಡಿಯವ್ವ. ಕತ್ತಲಲ್ಲಿ ಎಲ್ಲಿಗೆ ಹೋಗ್ತೀಯ?" ಸಂಜೆಯಿಂದ ಬಾಯಿ ಒಣಗಿಸಿಕೊಂಡು ಕೂತವರಿಗೆ ಸುಗ್ಗಿ ಮುಗಿಯುವಷ್ಟರಲ್ಲಿ ಉರಿಮೂತ್ರ, ಸೊಂಟನೋವು. ಅದನ್ನು ಗಂಡಸು ಡಾಕ್ಟರ ಮುಂದೆ ಹೇಳಲು ನಾಚಿಕೆ.

ಅದೇ 1948ರ ಕಾರ್ಖಾನೆ ಕಾಯ್ದೆ, ವಿದ್ಯುತ್ ಬಳಸುವ ಕಡೆ 10 ಜನ, ಬಳಸದ ಕಡೆ 20 ಜನ ದುಡಿದರೆ ಅದು ಕಾರ್ಖಾನೆ ಎಂದಿತ್ತು. ಕಾರ್ಖಾನೆಯಾದರೆ ಪಾಯಿಖಾನೆ, ಕುಡಿಯುವ ನೀರು ಕೊಡಲೇಬೇಕು. 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಸಂಹಿತೆಯಲ್ಲಿ ಆ ಲೆಕ್ಕ 20 ಮತ್ತು 40 ಆಗಿದೆ. ಶೆಡ್ಡನ್ನು ಕಾರ್ಖಾನೆ ಎಂದು ಮೊದಲೂ ಯಾರೂ ಕರೆಯುತ್ತಿರಲಿಲ್ಲ, ಈಗ ಕರೆಯುವ ದಾರಿ ಇನ್ನೂ ಕಿರಿದಾಯಿತು. ಹೆಂಗಸರು ಒಪ್ಪಿದರೆ ರಾತ್ರಿ ಪಾಳಿಯಲ್ಲಿ ದುಡಿಯಬಹುದು ಎಂದೂ ಹೊಸ ಸಂಹಿತೆ ಹೇಳುತ್ತದೆ. ನಮ್ಮ ಹೆಂಗಸರು ಆ ಅನುಮತಿಗೆ ಯಾವತ್ತೂ ಕಾದವರಲ್ಲ, ಬಿಡಿ.

ಈಗ ಸುಲಿಯುವ ಮಷೀನು ಬಂದಿದೆ. ಮಷೀನನ್ನು ಬೈಯುವವಳು ನಾನಲ್ಲ. ಬೆರಳು ಕುಯ್ದುಕೊಳ್ಳುವುದು ಕಡಿಮೆಯಾಗಿದೆ. ಆದರೆ ಇಪ್ಪತ್ತು ಜನರ ಜಾಗದಲ್ಲಿ ಐದಾರು ಜನ, ಅರೆಬರೆ ಸುಲಿದದ್ದನ್ನು ಆರಿಸುತ್ತ ಸಾಲಾಗಿ ನಿಲ್ಲುತ್ತಾರೆ. ಸದ್ದಿನಲ್ಲಿ ಪಕ್ಕದವಳ ಮಾತು ಕೇಳಿಸುವುದಿಲ್ಲ. ದುಂಡು ಹೋಯಿತು, ಪಾಯಿಖಾನೆ ಮಾತ್ರ ಬರಲಿಲ್ಲ.

ಹೋದ ಸುಗ್ಗಿಯಲ್ಲಿ ನಮ್ಮ ಕಡೆಯ ಒಂದು ಶೆಡ್ಡಿನ ಹೆಂಗಸರು ಕೂಲಿ ಮಾತಾಡುವ ಮೊದಲೇ ಪಾಯಿಖಾನೆ ಎಲ್ಲಿ ಎಂದು ಕೇಳಿದರು. ಮಾಲೀಕರು ಮನೆಯ ಹಿಂದಿನದನ್ನೇ ಬಿಟ್ಟುಕೊಟ್ಟರು, ದಾರಿಗೆ ಒಂದು ಬಲ್ಬನ್ನೂ ಹಾಕಿಸಿದರು. ಬೀಗದ ಕೈ ಮಾತ್ರ ಅವರ ಮನೆಯೊಳಗೇ ಇರುತ್ತದೆ. ರಾತ್ರಿ ಹತ್ತರ ಮೇಲೆ ಅವರ ಬಾಗಿಲು ತಟ್ಟಲು ಹೆಂಗಸರಿಗೆ ಸಂಕೋಚ.