ಏಳನೆಯ ಸ್ವಿಚ್ಚು

“ಸಾರ್, ಈ ಏಳನೇದು ಯಾವುದಕ್ಕೆ?”

ಹಜಾರದ ಬೋರ್ಡಿನ ಮುಂದೆ ಸ್ಟೂಲು ಹಾಕಿ ನಿಂತಿದ್ದ ಎಲೆಕ್ಟ್ರಿಷಿಯನ್ ಹುಡುಗ ಕೇಳಿದ. ಫ್ಯಾನು, ಟ್ಯೂಬ್‌ಲೈಟು, ಹೊರಗಿನ ದೀಪ ಎಂದು ಶುರುಮಾಡಿ ಆರನೆಯದಾದ ಪ್ಲಗ್ ಪಾಯಿಂಟಿನವರೆಗೆ ಸರಾಗವಾಗಿ ಲೆಕ್ಕ ಒಪ್ಪಿಸಿದೆ. ಏಳನೆಯದಕ್ಕೆ ಬಾಯಿ ಕಟ್ಟಿತು. ಇಪ್ಪತ್ತೆರಡು ವರ್ಷದಿಂದ ದಿನಾ ರಾತ್ರಿ ಅದನ್ನೂ ಆಫ್ ಮಾಡಿಯೇ ಮಲಗಿದ್ದೇನೆ. ಬೆಳಿಗ್ಗೆ ಅದನ್ನು ಮತ್ತೆ ಹಾಕುವವರು ಯಾರು ಎಂಬುದು ಬೇರೆ ಪ್ರಶ್ನೆ. ಅಡುಗೆಮನೆಗೆ ಕೂಗಿ ಕೇಳಿದೆ. “ಅದು ಮೊದಲಿಂದ್ಲೂ ಹಾಗೇ ಇದೆಯಲ್ರೀ” ಎಂದಳು ಹೆಂಡತಿ.

ಶಿವನಸಮುದ್ರದ ಕರೆಂಟು 1902ರಲ್ಲೇ ಕೋಲಾರದ ಚಿನ್ನದ ಗಣಿ ಸೇರಿತ್ತು, 1905ರಲ್ಲಿ ಬೆಂಗಳೂರಿನ ಬೀದಿದೀಪ ಬೆಳಗಿಸಿತ್ತು. ನಮ್ಮೂರಿನ ಹಜಾರಕ್ಕೆ ಬರಲು ಅದಕ್ಕೆ ಇನ್ನೂ ಅರವತ್ತು ವರ್ಷ ಹಿಡಿಯಿತು. ಮರದ ಪಟ್ಟಿ ಹೊಡೆದು, ತಗಡಿನ ಕ್ಲಿಪ್ಪು ಮಡಿಸಿ ವೈರು ಎಳೆದಿದ್ದರು. ಮಕ್ಕಳ ಕೈಗೆಟುಕದ ಎತ್ತರದಲ್ಲಿ ಮರದ ಬೋರ್ಡು. ಅದರ ಮೇಲೆ ಬೋರಲು ಹಾಕಿದ ಬಟ್ಟಲಿನಂಥ ಕಪ್ಪು ಬೇಕಲೈಟ್ ಸ್ವಿಚ್ಚು. ಬಟ್ಟಲಿನ ನಡುವೆ ಮೂಗಿನ ಹಾಗೊಂದು ಕಡ್ಡಿ. ಕೆಳಕ್ಕೆ ತಳ್ಳಿದರೆ ‘ಟಕ್’, ಬೆಳಕು. ಬೆಳಕಾದ ಕೂಡಲೇ ಅಜ್ಜಿ ಬಲ್ಬಿಗೆ ಕೈಮುಗಿಯುತ್ತಿದ್ದಳು.

ಕಷ್ಟವಿದ್ದದ್ದು ಆರಿಸುವಾಗ. ದೀಪ ‘ಆರಿಸು’ ಎನ್ನುವುದು ಅಜ್ಜಿಯ ಬಾಯಲ್ಲಿ ಬರಕೂಡದ ಮಾತು. “ದೀಪ ದೊಡ್ಡದು ಮಾಡೋ” ಎನ್ನುವಳು. ದೊಡ್ಡ ಬಲ್ಬು ತರಬೇಕೇನೋ ಎಂದು ನಾನು ಬಹಳ ದಿನ ತಿಳಿದಿದ್ದೆ. ಎಣ್ಣೆದೀಪದ ಕುಡಿಯನ್ನು ಹೂವಿನಿಂದ ಮೆಲ್ಲಗೆ ಶಾಂತ ಮಾಡಿ ಗೊತ್ತಿದ್ದವಳು, ಸ್ವಿಚ್ಚನ್ನೂ ಸದ್ದಾಗದಂತೆ ಆರಿಸಲು ನೋಡುತ್ತಿದ್ದಳು. ಎರಡು ಬೆರಳಲ್ಲಿ ಮೂಗು ಹಿಡಿದು, ಉಸಿರು ಬಿಗಿಹಿಡಿದು, ಎಳ್ಳಷ್ಟೆಳ್ಳಷ್ಟೇ ಮೇಲಕ್ಕೆ ತಳ್ಳುವಳು. ಅರ್ಧ ದಾರಿಯಲ್ಲಿ ಅದು ‘ಟಕ್’ ಎಂದು ತಾನೇ ಹಾರಿಕೊಳ್ಳುತ್ತಿತ್ತು. “ಮುಂಡೇದಕ್ಕೆ ತಾಳ್ಮೆಯೇ ಇಲ್ಲ” ಎನ್ನುವಳು.

ತಾಳ್ಮೆ ಇಲ್ಲದಂತೆ ಮಾಡಿದವನು ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಜಾನ್ ಹೆನ್ರಿ ಹೋಮ್ಸ್, 1884ರಲ್ಲಿ. ಅದಕ್ಕೂ ಮುಂಚಿನ ಸ್ವಿಚ್ಚುಗಳನ್ನು ನಿಧಾನಕ್ಕೆ ತೆರೆದರೆ ಎರಡು ಲೋಹಗಳ ನಡುವಿನ ಸಂದಿನಲ್ಲಿ ಕಿಡಿ ಎಳೆದುಕೊಂಡು ಉರಿಯುತ್ತಿತ್ತು. ಡಿಸಿ ಕರೆಂಟಾದರೆ ಆ ಕಿಡಿ ಸುಲಭಕ್ಕೆ ಸಾಯುವುದೂ ಇಲ್ಲ. ಹೋಮ್ಸ್ ಒಳಗೊಂದು ಸ್ಪ್ರಿಂಗು ಕೂರಿಸಿದ. ಬೆರಳು ಎಷ್ಟೇ ಸಾವಕಾಶ ಮಾಡಲಿ, ಕಡೆಯ ನೆಗೆತ ಸ್ಪ್ರಿಂಗಿನದೇ. ನಮ್ಮಜ್ಜಿ ಪ್ರತಿ ರಾತ್ರಿ ಸೋಲುತ್ತಿದ್ದದ್ದು ಅವನ ಕೈಲಿ. ಇಬ್ಬರಿಗೂ ಅದು ತಿಳಿಯದೇ ಹೋಯಿತು.

ಆ ‘ಟಕ್’ ಕೇಳದಿದ್ದರೆ ನನಗೆ ಈಗಲೂ ನಿದ್ದೆ ಹತ್ತುವುದಿಲ್ಲ. ನ್ಯೂಜೆರ್ಸಿಯ ಮಗಳ ಮನೆಗೆ ಹೋದಾಗ ಇದು ಚೆನ್ನಾಗಿ ಅರಿವಾಯಿತು. ಕೋಣೆಯ ಸೂರಿನಲ್ಲಿ ದೀಪವೇ ಇಲ್ಲ, ಬಾಗಿಲ ಬಳಿ ಮಾತ್ರ ಒಂಟಿ ಸ್ವಿಚ್ಚು. ಅದು ಮೇಲ್ಮುಖವಾಗಿತ್ತು; ನಮ್ಮ ಲೆಕ್ಕಕ್ಕೆ ಆಫ್. ಹಾಕಿ ನೋಡೋಣವೆಂದು ಕೆಳಗೆ ಮಾಡಿದೆ. ಏನೂ ಹತ್ತಲಿಲ್ಲ. ಒಳಗಿನಿಂದ ಮಗಳು, “ಅಪ್ಪಾ, ವೈಫೈ ಹೋಯ್ತು!”

ಅಲ್ಲಿ ಮೇಲಿದ್ದರೆ ಆನ್. ಸೂರಿನಲ್ಲಿ ದೀಪವಿಲ್ಲದ ಕೋಣೆಯಲ್ಲಿ ಗೋಡೆಯ ಒಂದು ಪ್ಲಗ್ಗನ್ನು ಬಾಗಿಲ ಸ್ವಿಚ್ಚಿನ ಸುಪರ್ದಿಗೆ ಕೊಟ್ಟಿರುತ್ತಾರೆ. ನಿಲುವುದೀಪವನ್ನು ಅದಕ್ಕೆ ಸಿಕ್ಕಿಸಿಕೊಂಡರೆ, ಕತ್ತಲಲ್ಲಿ ಒಳಬಂದವರು ಎಡವುವುದಿಲ್ಲ. ಅದರಲ್ಲೂ ಅರ್ಧ ಮಾತ್ರ. ಜೋಡಿ ಪ್ಲಗ್ಗಿನ ಪಕ್ಕದಲ್ಲಿ ಎರಡು ಹಿತ್ತಾಳೆ ಸ್ಕ್ರೂಗಳನ್ನು ಬೆಸೆದಿರುವ ಉಗುರಿನಷ್ಟು ತಗಡನ್ನು ಮುರಿದರೆ, ಒಂದರ್ಧ ಸ್ವಿಚ್ಚಿನ ಮಾತು ಕೇಳುತ್ತದೆ, ಇನ್ನರ್ಧ ಸದಾ ಜೀವಂತ. ಮಗಳ ಮೋಡೆಮ್ಮು ಮಾತು ಕೇಳುವ ಅರ್ಧದಲ್ಲಿತ್ತು. ಉಳಿದ ಪ್ಲಗ್ಗುಗಳಿಗೆ ಸ್ವಿಚ್ಚೇ ಇಲ್ಲ. ಹಗಲೂ ರಾತ್ರಿ 120 ವೋಲ್ಟು ಬಾಯಿ ತೆರೆದುಕೊಂಡು ಕೂತಿರುತ್ತದೆ. ಬಾಗಿಲಿಲ್ಲದ ಮನೆಯಲ್ಲಿ ಮಲಗಿದಂತಾಗಿ ನನಗೆ ನಿದ್ದೆ ಬರಲಿಲ್ಲ. ನಮ್ಮದು 230 ವೋಲ್ಟಾದರೂ ಪ್ಲಗ್ಗಿನ ಪಕ್ಕದಲ್ಲೇ ಕಾವಲಿಗೊಂದು ಸ್ವಿಚ್ಚು ಇರುತ್ತದಲ್ಲ ಎಂದು ತಾಯ್ನಾಡಿನ ಮೇಲೆ ಪ್ರೀತಿ ಉಕ್ಕಿತು.

ಅಷ್ಟರಲ್ಲಿ ಹುಡುಗ ಮೇನ್ ಆಫ್ ಮಾಡಿ ಬೋರ್ಡು ಬಿಚ್ಚಿದ್ದ. ಏಳನೆಯ ಸ್ವಿಚ್ಚಿನ ಹಿಂದೆ ಒಂದೆಳೆ ವೈರೂ ಇಲ್ಲ. “ತೂತು ಮುಚ್ಚೋಕೆ ಹಾಕಿದಾರೆ ಸಾರ್” ಎಂದು ನಕ್ಕ. ಆಮೇಲೆ ಆರನೆಯದರ ವೈರು ಹಿಡಿದು ಹುಬ್ಬು ಗಂಟಿಕ್ಕಿದ. ಮೇನ್ ಹಾಕಿ, ಪ್ಲಗ್ಗಿನ ಸ್ವಿಚ್ಚು ಆಫ್ ಮಾಡಿ, ಬಲಗಡೆಯ ತೂತಿಗೆ ಟೆಸ್ಟರ್ ಇಟ್ಟ. ಅದರೊಳಗಿನ ಪುಟಾಣಿ ಬಲ್ಬು ಕೆಂಪಗೆ ಹೊಳೆಯಿತು. “ಫೇಸಿಗೆ ಕೊಡಬೇಕಾದ ಸ್ವಿಚ್ಚನ್ನ ನ್ಯೂಟ್ರಲ್‌ಗೆ ಕೊಟ್ಟಿದಾರೆ ಸಾರ್. ನೀವು ಆಫ್ ಮಾಡಿದ್ರೂ ತೂತಲ್ಲಿ ಕರೆಂಟ್ ಇದ್ದೇ ಇರುತ್ತೆ.”

ಇಪ್ಪತ್ತೆರಡು ವರ್ಷ, ಇದರ ‘ಟಕ್’ ಕೇಳಿ ನೆಮ್ಮದಿಯಾಗಿ ಮಲಗಿದ್ದೆ. ಹುಡುಗ ಹತ್ತು ನಿಮಿಷದಲ್ಲಿ ವೈರು ಬದಲಿಸಿದ. ಏನನ್ನೂ ಮಾಡದ ಏಳನೆಯದು ಮೋಸವನ್ನೂ ಮಾಡಿರಲಿಲ್ಲವಾದ್ದರಿಂದ ಅದನ್ನು ಹಾಗೇ ಉಳಿಸಿಕೊಂಡೆ. ನೀವೂ ಮುಂದಿನ ಸಲ ಎಲೆಕ್ಟ್ರಿಷಿಯನ್ ಬಂದಾಗ, ಪ್ಲಗ್ಗಿನ ಸ್ವಿಚ್ಚು ಆಫ್ ಮಾಡಿ ಒಂದು ಸಲ ಟೆಸ್ಟರ್ ಇಡಿಸಿ ನೋಡಿ.